ಮೆತ್ತಗಿದ್ದರೆ ಸಾಲದು: ಸ್ಕ್ವಾಷ್ ಅಂಕಣಕ್ಕೆ ಶೂ ಆರಿಸುವ ಬಗೆ

ದಾವಣಗೆರೆಯ ಯಾವ ಶೂ ಅಂಗಡಿಗೆ ಹೋದರೂ ಮಾರುವವರು ಮೊದಲು ಮಾಡುವುದು ಒಂದೇ ಕೆಲಸ. ಶೂವಿನೊಳಗೆ ಹೆಬ್ಬೆರಳು ಒತ್ತಿ, ‘ನೋಡಿ ಸರ್, ಎಷ್ಟು ಮೆತ್ತಗಿದೆ’ ಎನ್ನುತ್ತಾರೆ. ಕೊಳ್ಳುವವರು ಕನ್ನಡಿಯ ತನಕ ನಾಲ್ಕು ಹೆಜ್ಜೆ ನೇರ ನಡೆದು, ಹಿತವಾಗಿದೆ ಎಂದು ತಲೆಯಾಡಿಸಿ ದುಡ್ಡು ಎಣಿಸುತ್ತಾರೆ. ವಾಕಿಂಗ್‌ಗೆ ಈ ಪರೀಕ್ಷೆ ಸಾಕು. ಸ್ಕ್ವಾಷ್‌ಗೆ ಸಾಲದು, ಶಟಲ್‌ಗೂ ಸಾಲದು. ಈ ಆಟಗಳಲ್ಲಿ ಯಾರೂ ನಾಲ್ಕು ಹೆಜ್ಜೆ ನೇರ ನಡೆಯುವುದಿಲ್ಲ. ಪಕ್ಕಕ್ಕೆ ನುಗ್ಗುತ್ತಾರೆ, ತಟಕ್ಕನೆ ನಿಲ್ಲುತ್ತಾರೆ, ನಿಂತ ಕಾಲಿನ ಮೇಲೆಯೇ ತಿರುಗಿ ವಾಪಸು ಓಡುತ್ತಾರೆ. ಹಾಗಾಗಿ ಅಂಕಣದ ಶೂವಿಗೆ ಕೇಳಬೇಕಾದ ಮೊದಲ ಪ್ರಶ್ನೆ, ಪಕ್ಕಕ್ಕೆ ಹೋಗುತ್ತಿರುವ ದೇಹವನ್ನು ಅದು ಎಷ್ಟು ಭದ್ರವಾಗಿ ನಿಲ್ಲಿಸುತ್ತದೆ ಎಂಬುದು. ಮೆತ್ತೆಯ ಮಾತು ಆಮೇಲೆ. ಈ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೋದರೆ ಅಂಗಡಿಯ ಮುಕ್ಕಾಲು ಪಾಲು ಜೋಡಿಗಳು ತಾವಾಗಿಯೇ ಪಟ್ಟಿಯಿಂದ ಹೊರಬೀಳುತ್ತವೆ.

ನಮ್ಮ ಊರಿನಲ್ಲಿ ಶಟಲ್ ಆಡುವವರೇ ಹೆಚ್ಚು. ಬೆಳಕು ಹರಿಯುವ ಮೊದಲೇ ಅಂಕಣಗಳ ದೀಪ ಹತ್ತಿರುತ್ತದೆ. ಸ್ಕ್ವಾಷ್‌ನವರು ಅವರ ಮುಂದೆ ಬೆರಳೆಣಿಕೆಯವರು. ಓದಲೆಂದೋ ಕೆಲಸಕ್ಕೆಂದೋ ಬೆಂಗಳೂರಿಗೆ ಹೋಗಿ ಆಟ ಹಚ್ಚಿಕೊಂಡವರು ಕೆಲವರು, ಟಿವಿಯಲ್ಲಿ ನೋಡಿ ಆಸೆಪಟ್ಟ ಮಕ್ಕಳು ಕೆಲವರು. ಮಕ್ಕಳ ಆಸೆಗೆ ಕಾರಣವೂ ಇದೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರ ತಂಡ ಚಿನ್ನ ಗೆದ್ದಿತು, ಮಿಶ್ರ ಡಬಲ್ಸ್‌ನಲ್ಲಿ ದೀಪಿಕಾ ಪಳ್ಳಿಕಲ್ ಮತ್ತು ಹರಿಂದರ್ ಪಾಲ್ ಸಂಧು ಇನ್ನೊಂದು ಚಿನ್ನ ತಂದರು. ಅದಾದ ಕೆಲವೇ ದಿನಗಳಲ್ಲಿ ಮುಂಬೈಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಸ್ಕ್ವಾಷನ್ನು ಸೇರಿಸಿತು. ರ‍್ಯಾಕೆಟ್ ಯಾವುದು, ಬಾಲ್ ಯಾವುದು ಎಂದು ಕೇಳುವವರು ಹೆಚ್ಚಿದ್ದಾರೆ. ಶೂ ವಿಷಯಕ್ಕೆ ಬಂದಾಗ ಮಾತ್ರ, ಮನೆಯಲ್ಲಿ ಇರುವುದನ್ನೇ ಹಾಕಿಕೊಂಡರೆ ಆಗುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಆಗುವುದಿಲ್ಲ. ಯಾಕೆಂದು ತಿಳಿಯಲು ಅಂಕಣದ ಅಳತೆಯಿಂದ ಶುರು ಮಾಡಬೇಕು.

ಸ್ಕ್ವಾಷ್ ಸಿಂಗಲ್ಸ್ ಅಂಕಣ 9.75 ಮೀಟರ್ ಉದ್ದ, 6.4 ಮೀಟರ್ ಅಗಲ. ನಾಲ್ಕೂ ಕಡೆ ಗೋಡೆ, ಒಳಗೆ ಇಬ್ಬರು. ಆಟಗಾರ ಪ್ರತಿ ಹೊಡೆತದ ನಂತರ ಗೆರೆಗಳು ಕೂಡುವ ನಡುಜಾಗಕ್ಕೆ, ಅಂದರೆ ‘ಟಿ’ಗೆ ಮರಳುತ್ತಾನೆ. ಅಲ್ಲಿಂದ ಹಿಂದಿನ ಮೂಲೆಗಳಿಗೆ ಸುಮಾರು ಐದೂಕಾಲು ಮೀಟರ್, ಮುಂದಿನ ಮೂಲೆಗಳಿಗೆ ಆರೂಕಾಲು ಮೀಟರ್. ಚಾಚಿದ ಕೈ ಮತ್ತು ರ‍್ಯಾಕೆಟ್ ಒಂದಿಷ್ಟು ದೂರವನ್ನು ತಿಂದುಹಾಕುವುದರಿಂದ ಓಟ ಎಂದರೆ ಮೂರು-ನಾಲ್ಕು ಹೆಜ್ಜೆ ಮಾತ್ರ. ವೇಗ ಏರುವಷ್ಟರಲ್ಲಿ ನಿಲ್ಲಬೇಕು. ಸ್ಪರ್ಧೆಗಳಲ್ಲಿ ಬಳಸುವ, ಎರಡು ಹಳದಿ ಚುಕ್ಕೆಯ ಬಾಲ್ ಬಹಳ ಮೇಲಕ್ಕೆ ಪುಟಿಯುವುದಿಲ್ಲ. ಅದನ್ನು ನೆಲದಿಂದ ಎತ್ತಬೇಕಾದರೆ ಕೊನೆಯ ಹೆಜ್ಜೆ ಉದ್ದಕ್ಕೆ ಚಾಚಿ, ಮಂಡಿ ಬಗ್ಗಿಸಿ, ಸೊಂಟ ಕೆಳಗಿಳಿಸಬೇಕು. ಆಟಗಾರರು ಲಂಜ್ ಎನ್ನುವುದು ಇದನ್ನೇ. ಲಂಜ್‌ನಲ್ಲಿ ಮುಂದಿನ ಕಾಲಿನ ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ, ಆ ಕ್ಷಣ ದೇಹದ ತೂಕದ ಎರಡು ಪಟ್ಟಿಗೂ ಮಿಕ್ಕಿದ ಹೊರೆ ಅದರ ಮೇಲೆ ಬೀಳುತ್ತದೆ. ಹಿಂದಿನ ಕಾಲು ಸುಮ್ಮನಿರುವುದಿಲ್ಲ. ಹೆಬ್ಬೆರಳಿನ ಒಳಬದಿ ನೆಲಕ್ಕೆ ತಾಗಿ ಉಜ್ಜುತ್ತಾ ಬರುತ್ತದೆ. ಒಂದೇ ಹೊಡೆತದಲ್ಲಿ ಎರಡು ಕಾಲುಗಳಿಗೆ ಎರಡು ಬೇರೆ ಕೆಲಸ. ಶೂ ಇವೆರಡಕ್ಕೂ ಒಗ್ಗಬೇಕು.

ಈಗ ಓಟದ ಶೂವನ್ನು ಕೈಗೆತ್ತಿಕೊಳ್ಳೋಣ. ಇದನ್ನು ಬಯ್ಯುವ ಉದ್ದೇಶ ನನಗಿಲ್ಲ; ಅದರ ಕೆಲಸದಲ್ಲಿ ಅದು ಗಟ್ಟಿಗ. ಓಡುವ ಕಾಲು ಸಾವಿರಾರು ಬಾರಿ ಒಂದೇ ದಿಕ್ಕಿಗೆ ಬೀಳುತ್ತದೆ, ಅದಕ್ಕೆ ತಕ್ಕಂತೆ ಕೆಳಗೆ ದಪ್ಪ ಫೋಮ್ ಇಟ್ಟಿರುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಈ ಫೋಮ್ ಎಷ್ಟು ದಪ್ಪವಾಯಿತೆಂದರೆ ರಸ್ತೆ ಓಟದ ಸ್ಪರ್ಧೆಗಳಿಗೆ 40 ಮಿಲಿಮೀಟರ್ ಮೀರಬಾರದೆಂದು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯೇ ಮಿತಿ ಹಾಕಬೇಕಾಯಿತು. ಅಂಕಣದಲ್ಲಿ ಈ ಎತ್ತರವೇ ಅಪಾಯ. ಪಕ್ಕಕ್ಕೆ ನುಗ್ಗಿ ನಿಂತಾಗ ಶೂವಿನ ಹೊರ ಅಂಚು ನೆಲಕ್ಕೆ ಕಚ್ಚಿಕೊಂಡಿರುತ್ತದೆ, ದೇಹ ಇನ್ನೂ ಹೊರಕ್ಕೆ ಹೋಗುತ್ತಿರುತ್ತದೆ. ಪಾದವನ್ನು ಮಗುಚಲು ನೋಡುವ ಬಲ, ಪಕ್ಕದ ನೂಕನ್ನು ನೆಲದಿಂದ ಪಾದಕ್ಕಿರುವ ಎತ್ತರದಿಂದ ಗುಣಿಸಿದಷ್ಟು. ಪಾದದ ಕೆಳಗಿನ ದಪ್ಪ 20 ಮಿಲಿಮೀಟರ್ ಇದ್ದದ್ದು 40 ಆದರೆ ಆ ದಪ್ಪ ತಂದಿಡುವ ಮಗುಚುಬಲ ಇಮ್ಮಡಿಯಾಗುತ್ತದೆ. ಸಾಲದ್ದಕ್ಕೆ ಮೆತ್ತನೆ ಫೋಮ್ ಹೊರ ಅಂಚಿನಲ್ಲಿ ಹೆಚ್ಚು ಕುಸಿಯುವುದರಿಂದ ಪಾದ ನಿಲ್ಲುವ ಮೊದಲೇ ಓರೆಯಾಗಿರುತ್ತದೆ. ಆಮೇಲೆ ನಡೆಯುವುದನ್ನು ಕಾಲು ಉಳುಕಿತು ಎನ್ನುತ್ತೇವೆ. ಪಾದ ಒಳಕ್ಕೆ ಮಡಚಿ, ಹೊರಗಿಣ್ಣಿನ ಮುಂದಿರುವ ಅಸ್ಥಿರಜ್ಜು ಜಗ್ಗುತ್ತದೆ ಅಥವಾ ಹರಿಯುತ್ತದೆ. ಒಮ್ಮೆ ಉಳುಕಿದ ಗಿಣ್ಣು ಮತ್ತೆ ಉಳುಕುವ ಸಂಭವವೂ ಹೆಚ್ಚು. ಎರಡು-ಮೂರು ಸಾವಿರ ಉಳಿಸಲು ಹೋಗಿ ಮೂರು ವಾರ ಮನೆಯಲ್ಲಿ ಕೂರುವುದು ಯಾವ ಲೆಕ್ಕ ಎಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಅಂದರೆ ಮೊದಲ ಗುಣ, ಪಾದ ನೆಲಕ್ಕೆ ಹತ್ತಿರವಿರಬೇಕು. ಹೊರಗಿನಿಂದ ನೋಡಿ ಇದನ್ನು ಅಳೆಯುವಾಗ ಎಚ್ಚರ ಬೇಕು. ಹಲವು ಅಂಕಣ ಶೂಗಳಲ್ಲಿ ಫೋಮ್‌ನ ಅಂಚು ಮೇಲಕ್ಕೆ ಎದ್ದು ಪಾದವನ್ನು ಬದಿಗಳಿಂದ ತಬ್ಬಿಕೊಂಡಿರುತ್ತದೆ. ಹೊರಗೆ ದಪ್ಪ ಕಂಡರೂ ಒಳಗೆ ಪಾದ ತಗ್ಗಿನಲ್ಲೇ ಕೂತಿರುತ್ತದೆ. ಒಂದು ಕೈಯ ಬೆರಳನ್ನು ಶೂವಿನೊಳಗೆ ಹಿಮ್ಮಡಿ ಕೂರುವ ಜಾಗದಲ್ಲಿ ಇಟ್ಟು, ಇನ್ನೊಂದು ಕೈಯ ಬೆರಳನ್ನು ಕೆಳಗಿನಿಂದ ಒತ್ತಿದರೆ ನಿಜವಾದ ದಪ್ಪ ಎಷ್ಟೆಂದು ಗೊತ್ತಾಗುತ್ತದೆ.

ಎರಡನೆಯದು ಅಡಿಯ ರಬ್ಬರ್. ಇಲ್ಲಿ ನಿಧಾನವಾಗಿ ಹೋಗಬೇಕು, ಯಾಕೆಂದರೆ ನಮ್ಮ ಬಯಲು ಸೀಮೆಯಲ್ಲಿ ಶೂವಿನ ಹಣೆಬರಹ ಬರೆಯುವುದೇ ಈ ಭಾಗ.

ನಸು ಕಂದು ಬಣ್ಣದ, ಬೆಳಕಿಗೆ ಹಿಡಿದರೆ ಸ್ವಲ್ಪ ಪಾರದರ್ಶಕವಾಗಿಯೂ ಕಾಣುವ ಅಡಿಯನ್ನು ಗಮ್ ಸೋಲ್ ಎನ್ನುತ್ತಾರೆ. ಅದರಲ್ಲಿ ನೈಸರ್ಗಿಕ ರಬ್ಬರಿನ ಪಾಲು ಹೆಚ್ಚು. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಮರ ಗೀರಿ ಇಳಿಸುವ ಹಾಲು ಇದೆಯಲ್ಲ, ಅದೇ ಮೂಲವಸ್ತು. ರಬ್ಬರ್ ನೆಲವನ್ನು ಹಿಡಿಯುವುದು ಎರಡು ಬಗೆಯಲ್ಲಿ. ಒಂದು, ಮೃದುವಾದ ರಬ್ಬರ್ ನೆಲದ ಸೂಕ್ಷ್ಮ ಏರುತಗ್ಗುಗಳಿಗೆ ಮೈ ಒಪ್ಪಿಸಿ ಅಂಟಿಕೊಳ್ಳುತ್ತದೆ. ಎರಡು, ಆ ಏರುತಗ್ಗುಗಳ ಮೇಲೆ ಜಾರುವಾಗ ರಬ್ಬರ್ ಕುಗ್ಗಿ ಹಿಗ್ಗುತ್ತದೆ. ಆಗ ಚಲನೆಯ ಶಕ್ತಿಯ ಒಂದು ಪಾಲು ಬಿಸಿಯಾಗಿ ಕಳೆದುಹೋಗಿ ಜಾರುವಿಕೆ ತಡೆಯುತ್ತದೆ. ಸ್ಕ್ವಾಷ್‌ನ ನುಣುಪಾದ ಮರದ ನೆಲದ ಮೇಲೆ ಮೊದಲನೆಯದೇ ದೊಡ್ಡದು. ಅಡಿ ನೆಲವನ್ನು ಹೆಚ್ಚು ಜಾಗದಲ್ಲಿ ಮುಟ್ಟಿದಷ್ಟೂ ಒಳ್ಳೆಯದು. ಆ ಕಾರಣಕ್ಕೇ ಅಂಕಣ ಶೂಗಳ ಅಡಿಯಲ್ಲಿ ಆಳವಾದ ತೋಡುಗಳೂ ಚೂಪಾದ ಹಲ್ಲುಗಳೂ ಇರುವುದಿಲ್ಲ. ಸಣ್ಣ ಸಣ್ಣ ಗೆರೆಗಳ, ಬಹುಮಟ್ಟಿಗೆ ಸಪಾಟಾದ ಅಡಿ ಇರುತ್ತದೆ. ನೋಡಿದವರಿಗೆ ಇದು ಸವೆದ ಶೂವೇ ಎಂಬ ಅನುಮಾನ ಬರುವುದುಂಟು. ಗದ್ದೆಯ ಬದುವಿನಲ್ಲಿ ಓಡುವವರಿಗೆ ಹಲ್ಲು ಬೇಕು, ಅಂಕಣದವರಿಗೆ ಮೈ ಬೇಕು.

ಮುಟ್ಟುವಿಕೆಯನ್ನೇ ನೆಚ್ಚಿಕೊಂಡ ಈ ಹಿಡಿತಕ್ಕೆ ಶತ್ರು ಧೂಳು. ಕೇರಂ ಬೋರ್ಡಿಗೆ ಪೌಡರ್ ಉದುರಿಸಿದಾಗ ಸ್ಟ್ರೈಕರ್ ಸರಾಗ ಓಡುತ್ತದಲ್ಲ, ಅಂಕಣದಲ್ಲಿ ಧೂಳು ಮಾಡುವುದೂ ಅದನ್ನೇ. ಸಣ್ಣ ಕಣಗಳು ರಬ್ಬರ್ ಮತ್ತು ಮರದ ನಡುವೆ ಸೇರಿಕೊಂಡು ಎರಡೂ ಒಂದನ್ನೊಂದು ಮುಟ್ಟದಂತೆ ನೋಡಿಕೊಳ್ಳುತ್ತವೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲಾಗಿ ಗಾಳಿಯಂತ್ರ ನಿಲ್ಲಿಸುವಷ್ಟು ಗಾಳಿ ಬೀಸುವ ಸೀಮೆ ನಮ್ಮದು. ಮೆಕ್ಕೆಜೋಳದ ಕಟಾವು ಮುಗಿದು ರಸ್ತೆಬದಿಯಲ್ಲಿ ರಾಶಿ ಒಣಗುವ ಹೊತ್ತಿಗೆ ಮನೆಯ ಕಿಟಕಿ ದಂಡೆಯ ಮೇಲೆ ಬೆರಳಾಡಿಸಿದರೆ ಸಾಕು, ಯಾವ ಊರಿನಲ್ಲಿದ್ದೇವೆಂದು ನೆನಪಾಗುತ್ತದೆ. ಗಮ್ ಸೋಲ್ ಅಂಟುಗುಣದ್ದಾದ್ದರಿಂದ ಧೂಳನ್ನು ಬೇರೆಲ್ಲ ರಬ್ಬರ್‌ಗಿಂತ ಚೆನ್ನಾಗಿ ಎತ್ತಿಕೊಳ್ಳುತ್ತದೆ. ಐದು ಸಾವಿರದ ಶೂ ಹಾಕಿಕೊಂಡು ಮನೆಯಿಂದ ಸ್ಕೂಟರ್‌ನಲ್ಲಿ ಹೊರಟು, ದಾರಿಯಲ್ಲಿ ಹಾಲಿನ ಅಂಗಡಿಗೆ ಇಳಿದು, ಪಾರ್ಕಿಂಗ್‌ನ ಮಣ್ಣು ತುಳಿದು ಅಂಕಣಕ್ಕೆ ಹೋದವನಿಗೆ ಸಾವಿರ ರೂಪಾಯಿಯ ಶುಚಿಯಾದ ಶೂವಿನಷ್ಟೂ ಹಿಡಿತ ಸಿಗುವುದಿಲ್ಲ. ಮಣ್ಣಿನಲ್ಲಿರುವ ಗಟ್ಟಿ ಕಣಗಳು ರಬ್ಬರಿನಲ್ಲಿ ಹೂತುಕೊಂಡು ಅಂಕಣದ ಮರವನ್ನು ಗೀರುತ್ತವೆ, ಅದು ಬೇರೆ. ಆದ್ದರಿಂದ ಈ ಊರಿನವರಿಗೆ ನನ್ನ ಸಲಹೆ ಸರಳ. ಅಂಕಣದ ಶೂ ಚೀಲದಲ್ಲಿ ಬರಲಿ, ಚಪ್ಪಲಿ ಕಾಲಿನಲ್ಲಿರಲಿ. ಆಟಕ್ಕೆ ಮೊದಲು ಅಡಿಯನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಲು ಅರೆನಿಮಿಷ ಬಿಡಿ. ಇದಕ್ಕೆ ಖರ್ಚಿಲ್ಲ, ಫಲ ಮಾತ್ರ ಮೊದಲ ಹೆಜ್ಜೆಯಲ್ಲೇ ಗೊತ್ತಾಗುತ್ತದೆ.

ಹಿಡಿತ ಹೆಚ್ಚಾದಷ್ಟೂ ಒಳ್ಳೆಯದು ಎಂದೇನೂ ಇಲ್ಲ. ನಿಂತಲ್ಲೇ ತಿರುಗುವಾಗ ಪಾದ ನೆಲಕ್ಕೆ ಪೂರ್ತಿ ಅಂಟಿಕೊಂಡರೆ ತಿರುಗುವ ಕೆಲಸ ಮಂಡಿಯ ಮೇಲೆ ಬೀಳುತ್ತದೆ. ಅದಕ್ಕಾಗಿ ಕೆಲವು ಶೂಗಳಲ್ಲಿ ಹೆಬ್ಬೆರಳ ಬುಡದ ಕೆಳಗೆ ಅಡಿಯ ಗೆರೆಗಳನ್ನು ವೃತ್ತಾಕಾರದಲ್ಲಿ ಕೊರೆದಿರುತ್ತಾರೆ. ತಿರುಗುವಾಗ ಅಷ್ಟು ಭಾಗ ಸುಲಭವಾಗಿ ಜರುಗುತ್ತದೆ. ಹಾಗೆಯೇ, ಹಿಂದಿನ ಕಾಲು ಉಜ್ಜುವ ಕಡೆ, ಅಂದರೆ ಹೆಬ್ಬೆರಳಿನ ಒಳಬದಿಯಲ್ಲಿ, ರಬ್ಬರ್ ಮೇಲಕ್ಕೆ ಹತ್ತಿರುವುದನ್ನೋ ಬೇರೆ ಗಟ್ಟಿ ಪಟ್ಟಿ ಇರುವುದನ್ನೋ ನೋಡಿ. ಆ ಜಾಗದಲ್ಲಿ ಬರಿಯ ಜಾಲರಿ ಬಟ್ಟೆ ಇದ್ದರೆ ಅಲ್ಲಿಯೇ ತೂತು ಬೀಳುತ್ತದೆ, ಉಳಿದ ಶೂ ಹೊಸದರಂತಿದ್ದರೂ ಉಪಯೋಗವಿಲ್ಲ.

ನಾನ್ ಮಾರ್ಕಿಂಗ್ ಎಂಬ ಮಾತನ್ನು ಎಲ್ಲ ಅಂಕಣಗಳ ಬಾಗಿಲಲ್ಲೂ ಕೇಳುತ್ತೀರಿ. ಕಪ್ಪು ರಬ್ಬರಿಗೆ ಬಲ ಕೊಡಲು ಇಂಗಾಲದ ಕಪ್ಪು ಪುಡಿ ಬೆರೆಸುತ್ತಾರೆ, ನೆಲದ ಮೇಲೆ ಗೆರೆ ಮೂಡಿಸುವುದು ಅದೇ. ಗುರುತು ಬಿಡದ ರಬ್ಬರಿಗೆ ಅದರ ಬದಲು ಸಿಲಿಕಾ ಹಾಕಿರುತ್ತಾರೆ. ಬಣ್ಣ ನೋಡಿ ತೀರ್ಮಾನಿಸಬೇಡಿ, ಗುರುತು ಬಿಡದ ಕಪ್ಪು ಅಡಿಗಳೂ ಇವೆ. ಬಿಳಿ ಕಾಗದದ ಮೇಲೆ ಒತ್ತಿ ಉಜ್ಜಿದರೆ ಉತ್ತರ ಸಿಗುತ್ತದೆ.

ಮೂರನೆಯದು ಚೌಕಟ್ಟು, ಅಂದರೆ ಶೂ ಎಲ್ಲಿ ಬಾಗಬೇಕು, ಎಲ್ಲಿ ಬಾಗಬಾರದು ಎಂಬುದು. ಇದನ್ನು ಅಂಗಡಿಯಲ್ಲೇ ಕೈಯಿಂದ ಪರೀಕ್ಷಿಸಬಹುದು. ಮಾರುವವರು ಒಂದು ಥರ ನೋಡಿದರೆ ನೋಡಲಿ. ಹಿಮ್ಮಡಿಯನ್ನು ಒಂದು ಕೈಯಲ್ಲಿ, ತುದಿಯನ್ನು ಇನ್ನೊಂದರಲ್ಲಿ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿ. ನಡುಭಾಗ ಬಲವಾಗಿ ಪ್ರತಿರೋಧಿಸಬೇಕು. ಒಳ್ಳೆಯ ಶೂಗಳಲ್ಲಿ ಪಾದದ ಕಮಾನಿನ ಕೆಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಪಟ್ಟಿ ಕೂಡಿಸಿರುವುದು ಇದಕ್ಕೇ. ಆಮೇಲೆ ತುದಿಯನ್ನು ಮೇಲಕ್ಕೆ ಮಡಚಿ ನೋಡಿ. ಬೆರಳುಗಳ ಬುಡದಲ್ಲಿ, ನಿಮ್ಮ ಪಾದ ಬಾಗುವ ಜಾಗದಲ್ಲೇ ಅದೂ ಬಾಗಬೇಕು. ನಡುವಿನಲ್ಲಿ ಮಡಚಿಕೊಂಡರೆ ಕೆಳಗಿಡಿ, ಅದು ಕಮಾನಿನ ಕೆಳಗಿನ ಸ್ನಾಯುಪೊರೆಗೆ ನೋವು ತರುವ ಶೂ. ಹಿಮ್ಮಡಿಯ ಹಿಂಭಾಗವನ್ನು ಎರಡು ಬೆರಳಿನಲ್ಲಿ ಹಿಚುಕಿ, ಕುಸಿಯಬಾರದು. ಕೊನೆಯದಾಗಿ ಶೂವನ್ನು ಮೇಜಿನ ಮೇಲಿಟ್ಟು ಹೊರಬದಿಯನ್ನು ಮೇಲಿನಿಂದ ಒತ್ತಿ. ಹೊರಕ್ಕೆ ಮಗುಚುವಂತಿದ್ದರೆ ಅಂಕಣದಲ್ಲೂ ಹಾಗೆಯೇ ಮಗುಚುತ್ತದೆ. ಕಿರುಬೆರಳ ಪಕ್ಕದಲ್ಲಿ ಅಡಿಯು ಮೇಲಿನ ಬಟ್ಟೆಗಿಂತ ಸ್ವಲ್ಪ ಹೊರಕ್ಕೆ ಚಾಚಿಕೊಂಡಿದ್ದರೆ ಅದು ಬಲು ಒಳ್ಳೆಯ ಲಕ್ಷಣ.

ಇಷ್ಟೆಲ್ಲ ಹೇಳಿದ ಮೇಲೆ ಮೆತ್ತೆಗೂ ನ್ಯಾಯ ಸಲ್ಲಬೇಕು. ಹಿಮ್ಮಡಿಯ ಕೆಳಗೆ ಅದು ಬೇಕೇ ಬೇಕು, ಲಂಜ್‌ನ ಹೊಡೆತ ಅಲ್ಲಿಗೇ ಬೀಳುವುದು. ಮುಂಗಾಲಿನ ಕೆಳಗೆ ತೆಳ್ಳಗಿದ್ದರೆ ಸಾಕು. ಅದರಲ್ಲೂ ಸಿಮೆಂಟ್ ನೆಲಕ್ಕೆ ನೇರವಾಗಿ ಮ್ಯಾಟ್ ಹಾಸಿದ ಕಡೆ ಶಟಲ್ ಆಡುವವರು, ನಲವತ್ತು ದಾಟಿದವರು, ತೂಕ ಹೆಚ್ಚಿರುವವರು ಹಿಮ್ಮಡಿಯ ಮೆತ್ತೆಯಲ್ಲಿ ಜಿಪುಣತನ ಮಾಡಬಾರದು. ಕೆಳಗೆ ತೊಲೆ ಕೂಡಿಸಿ ಹಾಸಿದ ಮರದ ನೆಲ ತಾನೇ ಒಂದಿಷ್ಟು ಹೊಡೆತವನ್ನು ನುಂಗಿಕೊಳ್ಳುತ್ತದೆ, ಸಿಮೆಂಟ್ ಏನನ್ನೂ ನುಂಗುವುದಿಲ್ಲ.

ಇನ್ನು ಅಳತೆ. ನಮ್ಮಲ್ಲಿ ಶೂ ಮಾರುವುದು ಯುಕೆ ಸಂಖ್ಯೆಯಲ್ಲಿ. ಅದರಲ್ಲಿ ಒಂದು ಸಂಖ್ಯೆಗೂ ಇನ್ನೊಂದಕ್ಕೂ ನಡುವೆ ಅಂಗುಲದ ಮೂರನೇ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್ ಅಂತರ. ಆದರೆ ಒಂದು ಕಂಪನಿಯ ಎಂಟು ಇನ್ನೊಂದು ಕಂಪನಿಯ ಎಂಟರಷ್ಟೇ ಇರಬೇಕೆಂದಿಲ್ಲ. ನಂಬಬಹುದಾದದ್ದು ನಾಲಿಗೆಯ ಒಳಬದಿಯ ಚೀಟಿಯಲ್ಲಿ ಸೆಂಟಿಮೀಟರ್‌ನಲ್ಲಿ ಬರೆದಿರುವ ಅಂಕಿ. ಸಂಜೆ ಹೊತ್ತಿನಲ್ಲಿ, ಪಾದ ಸ್ವಲ್ಪ ಊದಿಕೊಂಡಿರುವಾಗ, ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಂತು ಅತಿ ಉದ್ದದ ಬೆರಳಿನ ತುದಿಗೆ ಗುರುತು ಹಾಕಿ. ಎರಡೂ ಪಾದ ಅಳೆಯಿರಿ, ಒಂದು ಇನ್ನೊಂದಕ್ಕಿಂತ ಉದ್ದವಿರುವುದು ಸಾಮಾನ್ಯ, ದೊಡ್ಡದೇ ಲೆಕ್ಕ. ಶೂ ಹಾಕಿ ನಿಂತಾಗ ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅರ್ಧ ಅಗಲದಷ್ಟು ಜಾಗ ಉಳಿಯಬೇಕು. ಓಟದ ಶೂವಿನಲ್ಲಿ ಬಿಡುವಷ್ಟು ಸಡಿಲ ಇಲ್ಲಿ ಬೇಡ. ತೀರ ಬಿಗಿಯೂ ಬೇಡ, ಲಂಜ್‌ನಲ್ಲಿ ಪಾದ ಮುಂದಕ್ಕೆ ಜರುಗಿ ಹೆಬ್ಬೆರಳಿನ ಉಗುರು ಗೋಡೆಗೆ ಗುದ್ದಿದಂತಾಗಿ ಕಪ್ಪಗಾಗುತ್ತದೆ. ಆಡುವಾಗ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ ನೋಡಿ. ಆಫೀಸಿನ ತೆಳು ಕಾಲುಚೀಲದಲ್ಲಿ ಸರಿ ಹೊಂದಿದ ಶೂ ಅಂಕಣದಲ್ಲಿ ಕಚ್ಚುತ್ತದೆ.

ಉದ್ದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಅಗಲ. ಬಾಲ್ಯವೆಲ್ಲ ಬರಿಗಾಲಿನಲ್ಲಿ, ಚಪ್ಪಲಿಯಲ್ಲಿ ಕಳೆದವರ ಪಾದ ಮುಂಭಾಗದಲ್ಲಿ ಹರಡಿಕೊಂಡಿರುತ್ತದೆ. ಇಂಥವರು ಕಿರುಬೆರಳು ಒತ್ತಿತೆಂದು ಒಂದು ಸಂಖ್ಯೆ ದೊಡ್ಡ ಶೂ ಕೊಳ್ಳುತ್ತಾರೆ. ಆಗ ಅಗಲದ ಜೊತೆ ಉದ್ದವೂ ಹೆಚ್ಚಿ, ಹಿಮ್ಮಡಿ ಎದ್ದು ಬರುತ್ತದೆ, ಪಾದ ಒಳಗೇ ಓಡಾಡುತ್ತದೆ. ಕೆಲವು ಕಂಪನಿಗಳು ಅದೇ ಉದ್ದದಲ್ಲಿ ಅಗಲದ ಮಾದರಿಯನ್ನೂ ತರುತ್ತವೆ. ಚೀಟಿಯಲ್ಲಿ ‘ವೈಡ್’ ಎಂದೋ ‘2ಇ’ ಎಂದೋ ಇರುತ್ತದೆ. ಒಳಗಿನ ಇನ್‌ಸೋಲ್ ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಪಾದ ಎರಡೂ ಬದಿಗೆ ಹೊರಚಾಚಿದರೆ ಆ ಶೂ ನಿಮ್ಮದಲ್ಲ. ಮಕ್ಕಳ ವಿಷಯದಲ್ಲಂತೂ ‘ಬೆಳೆಯುವ ಕಾಲು, ಎರಡು ಸಂಖ್ಯೆ ದೊಡ್ಡದೇ ಕೊಡಿ’ ಎನ್ನುವ ಅಪ್ಪಂದಿರನ್ನು ತಡೆಯುವುದು ಕಷ್ಟ. ಸಮವಸ್ತ್ರಕ್ಕೆ ಆ ಲೆಕ್ಕ ಇರಲಿ. ಆಡುವ ಮಗುವಿಗೆ ದೊಡ್ಡ ಕಂಪನಿಯ ಸಡಿಲ ಶೂಗಿಂತ ಕಡಿಮೆ ಬೆಲೆಯ ಸರಿಯಾದ ಅಳತೆಯದು ಮೇಲು.

ಹಾಕಿ ನೋಡುವಾಗ ನೇರ ನಡೆಯಬೇಡಿ. ಪಕ್ಕಕ್ಕೆ ಎರಡು ಹೆಜ್ಜೆ ಹಾರಿ ನಿಲ್ಲಿ, ಒಂದು ಲಂಜ್ ಹಾಕಿ, ನಿಂತಲ್ಲೇ ತಿರುಗಿ. ಪಾದ ಶೂವಿನೊಳಗೆ ಜರುಗಿತೇ, ಹಿಮ್ಮಡಿ ಎದ್ದಿತೇ ಎಂದು ಗಮನಿಸಿ. ಹಿಮ್ಮಡಿ ಸ್ವಲ್ಪವೇ ಏಳುತ್ತಿದ್ದರೆ ಮೇಲಿನ ಕೊನೆಯ ತೂತುಗಳಲ್ಲಿ ಲೇಸನ್ನು ಕುಣಿಕೆ ಮಾಡಿ, ಎದುರು ಬದಿಯ ತುದಿಯನ್ನು ಅದರೊಳಗೆ ತೂರಿಸಿ ಎಳೆದು ಕಟ್ಟಿದರೆ ನಿಲ್ಲುತ್ತದೆ. ಅಂಗಡಿಯಲ್ಲಿ ಲಂಜ್ ಹಾಕಲು ನಾಚಿಕೆಯಾಗುವವರು ಮಧ್ಯಾಹ್ನ ಜನ ಕಡಿಮೆ ಇರುವಾಗ ಹೋಗಬಹುದು, ಮಂಡಿಪೇಟೆಯ ಸುತ್ತ ಸಂಜೆ ಕಾಲಿಡಲು ಜಾಗವಿರುವುದಿಲ್ಲ.

ಸ್ಕ್ವಾಷ್ ಶೂ ಎಂದೇ ಹೆಸರು ಹೇಳಿ ಕೇಳಿದರೆ ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಚಿಂತೆ ಬೇಡ. ಮೇಲೆ ಹೇಳಿದ ಗುಣಗಳೆಲ್ಲ ಬ್ಯಾಡ್ಮಿಂಟನ್ ಶೂವಿನಲ್ಲೂ ಇರುತ್ತವೆ, ಎರಡಕ್ಕೂ ಸೇರಿಸಿ ‘ಇಂಡೋರ್’ ಎಂದು ಮಾರುವುದೂ ಉಂಟು. ಯೋನೆಕ್ಸ್, ಲಿ-ನಿಂಗ್, ವಿಕ್ಟರ್, ಏಸಿಕ್ಸ್‌ಗಳಿಂದ ಹಿಡಿದು ನಮ್ಮ ಜಲಂಧರದ ನಿವಿಯಾ ತನಕ ಎಲ್ಲರೂ ಇವನ್ನು ಮಾಡುತ್ತಾರೆ. ವ್ಯತ್ಯಾಸ ಒಂದಿಷ್ಟಿದೆ. ಶಟಲ್‌ನಲ್ಲಿ ನೆಗೆತ ಹೆಚ್ಚು, ಹಾಗಾಗಿ ಆ ಶೂ ಹಗುರ, ಮುಂಗಾಲಿನಲ್ಲಿ ತುಸು ಪುಟಿತ. ಸ್ಕ್ವಾಷ್‌ನಲ್ಲಿ ಉಜ್ಜಾಟ, ತಿರುವು ಹೆಚ್ಚು, ಹಾಗಾಗಿ ಗಟ್ಟಿಮುಟ್ಟು ಬೇಕು. ವಾರಕ್ಕೆ ಎರಡು ಸಲ ಆಡುವವರಿಗೆ ಈ ವ್ಯತ್ಯಾಸ ಅರಿವಿಗೇ ಬರುವುದಿಲ್ಲ. ವಾಲಿಬಾಲ್ ಶೂ ಅನಿವಾರ್ಯಕ್ಕೆ ಆದೀತು. ಟೆನಿಸ್ ಶೂ ಬೇಡ. ಬಿಸಿಲಿನ ಸಿಮೆಂಟ್ ಅಂಕಣದ ಸವೆತ ತಡೆಯಲು ಅದರ ರಬ್ಬರನ್ನು ಗಡಸು ಮಾಡಿರುತ್ತಾರೆ, ನುಣುಪು ಮರದ ಮೇಲೆ ಅದು ಜಾರುತ್ತದೆ, ತೂಕವೂ ಹೆಚ್ಚು.

ಬೆಲೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗಿದೆ. ಹೊಸಬರಿಗೆ ಎರಡೂವರೆ ಸಾವಿರದೊಳಗೆ ಒಪ್ಪುವ ಶೂ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ 5, ಅದಕ್ಕೆ ಮೇಲ್ಪಟ್ಟರೆ ಶೇ 18 ಆಗಿರುವುದರಿಂದ ಆ ಗೆರೆಯ ಕೆಳಗೆ ಹುಡುಕುವುದು ಜಾಣತನವೂ ಹೌದು. ವಾರಕ್ಕೆ ಮೂರು-ನಾಲ್ಕು ದಿನ ಆಡುವವರು ನಾಲ್ಕೈದು ಸಾವಿರ ಹಾಕಿದರೆ ಹಿಮ್ಮಡಿಯ ಮೆತ್ತೆ, ನಡುಪಟ್ಟಿ, ಹೆಬ್ಬೆರಳಿನ ಕವಚ ಮೂರೂ ಚೆನ್ನಾಗಿರುವುದು ಸಿಗುತ್ತದೆ. ಹತ್ತು ಸಾವಿರ ದಾಟಿದ ಮೇಲೆ ಕೊಡುವ ದುಡ್ಡೆಲ್ಲ ಐವತ್ತು ಗ್ರಾಂ ತೂಕ ಇಳಿಸಲು ಮತ್ತು ಚಾಂಪಿಯನ್ನರ ಹೆಸರು ಹೊರಲು. ಐಎಸ್‌ಐ ಗುರುತು ಇದ್ದರೆ ಒಳ್ಳೆಯದೇ, ಆದರೆ ಅದು ಪಾದರಕ್ಷೆಯಾಗಿ ಅದರ ಗುಣಮಟ್ಟದ ಮಾತು. ನಿಮ್ಮ ಪಾದಕ್ಕೆ, ನಿಮ್ಮ ಅಂಕಣಕ್ಕೆ ಹೊಂದುತ್ತದೆಯೇ ಎಂಬುದನ್ನು ನೀವೇ ನೋಡಬೇಕು.

ರಿಯಾಯಿತಿ ಮಾರಾಟದಲ್ಲಿ ಕೊಳ್ಳುವವರು ಪೆಟ್ಟಿಗೆಯ ಮೇಲೆ ತಯಾರಾದ ತಿಂಗಳು, ವರ್ಷ ಓದಿ. ಶೂ ಹಾಕದಿದ್ದರೂ ಮುದಿಯಾಗುತ್ತದೆ. ನಡುಪದರ ಸಾಮಾನ್ಯವಾಗಿ ಇವಿಎ ಎಂಬ ಫೋಮ್, ಕೆಲವದರಲ್ಲಿ ಪಾಲಿಯುರೆಥೇನ್. ಎರಡನೆಯದು ಬಾಳಿಕೆಯದ್ದೆಂದು ಹೆಸರಾಗಿದ್ದರೂ ಗಾಳಿಯ ತೇವ ನಿಧಾನವಾಗಿ ಅದರ ಅಣುಸರಪಳಿಯನ್ನು ಕತ್ತರಿಸುತ್ತಾ ಬರುತ್ತದೆ. ವರ್ಷಗಟ್ಟಲೆ ಕಪಾಟಿನಲ್ಲಿ ಇಟ್ಟ ಶೂವಿನ ಅಡಿ ಒಂದು ದಿನ ಪುಡಿಪುಡಿಯಾಗಿ ಕಳಚಿ ಬೀಳುವುದು ಹೀಗೆ. ರಬ್ಬರಿಗೆ ಬಿಸಿಲು, ಬಿಸಿ, ಗಾಳಿಯ ಆಮ್ಲಜನಕ ಮೂರೂ ಆಗದು. ಏಪ್ರಿಲ್‌ನಲ್ಲಿ ಮುಚ್ಚಿದ ಕಾರಿನ ಡಿಕ್ಕಿಯಲ್ಲಿ ಶೂ ಬಿಟ್ಟು ಹೋಗುವವರು ಅದನ್ನು ಬೇಯಿಸುತ್ತಿದ್ದಾರೆ ಎಂದೇ ತಿಳಿಯಬೇಕು. ಅಂಟು ಬಿಡುವುದು, ರಬ್ಬರ್ ಗಡಸಾಗುವುದು ಎರಡೂ ಅಲ್ಲಿ ಶುರುವಾಗುತ್ತವೆ. ಆಟದ ನಂತರ ಇನ್‌ಸೋಲ್ ಹೊರತೆಗೆದು, ಒಳಗೆ ಹಳೆಯ ದಿನಪತ್ರಿಕೆ ತುರುಕಿ, ಫ್ಯಾನಿನ ಕೆಳಗೆ ನೆರಳಲ್ಲಿ ಒಣಗಿಸಿದರೆ ಸಾಕು. ತೊಳೆಯುವ ಯಂತ್ರ ಬೇಡ.

ಬಳಸಿದ ಶೂ ಇನ್ನೂ ಆಟಕ್ಕೆ ಆದೀತೇ ಎಂದು ತೂಗುವುದು ಕೊಳ್ಳುವಷ್ಟೇ ಮುಖ್ಯ, ಆದರೆ ಅದನ್ನು ಯಾರೂ ಮಾಡುವುದಿಲ್ಲ. ಮೇಲ್ಭಾಗ ಹರಿಯುವ ತನಕ ಶೂ ಚೆನ್ನಾಗಿದೆ ಎಂಬ ನಂಬಿಕೆ ನಮ್ಮದು. ಅಡಿಯನ್ನು ಬೆಳಕಿಗೆ ಹಿಡಿಯಿರಿ. ಮುಂಗಾಲಿನ ಗೆರೆಗಳು ಅಳಿಸಿ ರಬ್ಬರ್ ಹೊಳೆಯುತ್ತಿದ್ದರೆ, ಒರೆಸಿದ ಮೇಲೂ ಅಂಕಣದಲ್ಲಿ ಕೀಚ್ ಎಂಬ ಸದ್ದು ಬರದಿದ್ದರೆ ಹಿಡಿತ ಮುಗಿಯುತ್ತಾ ಬಂದಿದೆ. ಉಗುರಿನಿಂದ ಒತ್ತಿದಾಗ ಗುರುತು ಮೂಡದಷ್ಟು ಗಡಸಾಗಿದ್ದರೂ ಅದೇ ಅರ್ಥ. ನಡುಪದರದ ಬದಿಯಲ್ಲಿ ಅಡ್ಡ ಸುಕ್ಕುಗಳು ಆಳವಾಗಿದ್ದರೆ ಫೋಮ್ ಕುಸಿದಿದೆ. ಎರಡೂ ಶೂಗಳನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಹಿಮ್ಮಡಿ ಒಂದು ಕಡೆಗೆ ವಾಲಿದ್ದರೆ ಗಿಣ್ಣೂ ಅತ್ತಲೇ ವಾಲುತ್ತಿದೆ. ಬಲಗೈಯವರಿಗೆ ಸಾಮಾನ್ಯವಾಗಿ ಎಡ ಶೂವಿನ ಹೆಬ್ಬೆರಳ ಒಳಬದಿ ಮೊದಲು ಸವೆಯುತ್ತದೆ, ಅದು ರೋಗವಲ್ಲ. ಬಲ ಶೂವಿನ ಹೊರ ಅಂಚು ಒಂದೇ ಸಮನೆ ಸವೆಯುತ್ತಿದ್ದರೆ ಮಾತ್ರ ಪಾದ ಬೀಳುವ ರೀತಿಯನ್ನು ಒಬ್ಬ ಫಿಸಿಯೊಥೆರಪಿಸ್ಟ್‌ಗೆ ತೋರಿಸುವುದು ಒಳ್ಳೆಯದು.

ಹಿಡಿತ ಹೋದ ಜೋಡಿಯನ್ನು ಕುಂದುವಾಡ ಕೆರೆಯ ಬಳಿ ವಾಕಿಂಗ್‌ಗೆ ಇಟ್ಟುಕೊಳ್ಳಬಹುದು; ನೇರ ನಡೆಯಲು ಅದು ಇನ್ನೊಂದು ವರ್ಷ ಬಂದೀತು. ಮಳೆ ಬಿದ್ದ ದಿನ ಮಾತ್ರ ಬೇಡ, ಸವೆದ ಗಮ್ ಸೋಲ್ ಒದ್ದೆ ಗ್ರಾನೈಟ್ ಮೇಲೆ ನಿಲ್ಲುವುದಿಲ್ಲ.